ನಿಂತಲ್ಲಿ ನಡುಗುವ ಗಾಡಿ: ಮೊದಲು ಕಾರಣ ಹುಡುಕಿ, ಆಮೇಲೆ ಖರ್ಚು ಮಾಡಿ



ಹಿಂದೆ ನಮ್ಮ ಸಂಘಗಳ ಸಾಲದ ಅರ್ಜಿಗಳಲ್ಲಿ ಹಸು, ಆಡು, ಹೊಲಿಗೆ ಯಂತ್ರ, ಮನೆ ರಿಪೇರಿ, ಮಕ್ಕಳ ಫೀಸು ಇವೇ ಹೆಚ್ಚಾಗಿ ಇರುತ್ತಿದ್ದವು. ಈಗ ಸ್ಕೂಟರ್, ಆಟೋ, ಸಾಮಾನು ಸಾಗಿಸುವ ಚಿಕ್ಕ ಗಾಡಿಗಳೂ ಸೇರಿಕೊಂಡಿವೆ. ಇದು ಸಂತೋಷದ ವಿಷಯ. ಆದರೆ ಒಂದು ಮಾತು ನನ್ನ ಮನಸ್ಸಿಗೆ ಬರುತ್ತಿರುತ್ತದೆ. ಹಸುವಿಗೆ ಹುಷಾರಿಲ್ಲದಿದ್ದರೆ ನಾವು ಸುಮ್ಮನೆ ಕೂರುವುದಿಲ್ಲ. ಕಿವಿ ಮುಟ್ಟಿ ನೋಡುತ್ತೇವೆ, ಮೆಲುಕು ಹಾಕುತ್ತಿದೆಯೇ, ಸಗಣಿ ಹೇಗಿದೆ ಎಂದು ನೋಡುತ್ತೇವೆ. ಡಾಕ್ಟರು ಬಂದಾಗ ಎಲ್ಲವನ್ನೂ ಹೇಳುತ್ತೇವೆ. ಅದೇ ಗಾಡಿ ಕೆಟ್ಟರೆ? ಬೀಗದ ಕೈಯನ್ನು ಮೆಕ್ಯಾನಿಕ್ ಕೈಗೆ ಕೊಟ್ಟು ಬೆಂಚಿನ ಮೇಲೆ ಕೂತುಬಿಡುತ್ತೇವೆ. ಅವರು ಹೇಳಿದ್ದೇ ಕಾಯಿಲೆ, ಅವರು ಬರೆದದ್ದೇ ಬಿಲ್ಲು.

ಗಾಡಿಗೆ ಬರುವ ತೊಂದರೆಗಳಲ್ಲಿ ತುಂಬಾ ಸಾಮಾನ್ಯವಾದದ್ದು ಒಂದಿದೆ. ನಿಂತಾಗ ಇಂಜಿನ್ ಗಡಗಡ ನಡುಗುವುದು, ಓಡುವಾಗ ಜಗ್ಗಿ ಜಗ್ಗಿ ಹೋಗುವುದು. ಗ್ಯಾರೇಜಿನ ಭಾಷೆಯಲ್ಲಿ ಇದಕ್ಕೆ 'ಮಿಸ್ ಹೊಡೆಯುವುದು', 'ಮಿಸ್ಸಿಂಗ್' ಅಂತಾರೆ. ಈ ಸಲ ಅದರ ಬಗ್ಗೆ ತಿಳಿದುಕೊಳ್ಳೋಣ. ನಾವೆಲ್ಲ ಮೆಕ್ಯಾನಿಕ್ ಆಗಬೇಕಾಗಿಲ್ಲ. ಆದರೆ ನಮ್ಮ ಹಣ ಎಲ್ಲಿಗೆ ಹೋಗುತ್ತಿದೆ ಅಂತ ನಮಗೆ ಗೊತ್ತಿರಬೇಕು.

ಒಂದು ಸಂಘದಲ್ಲಿ ನಡೆದದ್ದು

ನಮ್ಮ ಒಂದು ಸಂಘದ 12 ಮಂದಿ ಸೇರಿ ಸಾಲ ಮಾಡಿ ಒಂದು ಸೆಕೆಂಡ್ ಹ್ಯಾಂಡ್ ವ್ಯಾನ್ ತೆಗೆದುಕೊಂಡಿದ್ದರು. ಮೂರು ಸಿಲಿಂಡರಿನ ಪೆಟ್ರೋಲ್ ಗಾಡಿ. ಹಪ್ಪಳ, ಉಪ್ಪಿನಕಾಯಿ, ತರಕಾರಿ ತುಂಬಿಸಿಕೊಂಡು ವಾರಕ್ಕೆ 3 ಸಂತೆಗೆ ಹೋಗುತ್ತಿದ್ದರು. ಓಡಿಸುವವಳೂ ಸಂಘದ ಸದಸ್ಯೆಯೇ. ಮಳೆ ಶುರುವಾದ ಮೇಲೆ ಒಂದು ದಿನ ಅವಳು ನನಗೆ ಹೇಳಿದಳು: "ಸಿಸ್ಟರ್, ಗಾಡಿ ನಿಂತಲ್ಲಿ ನಡುಗ್ತಾ ಉಂಟು. ಏರಿನಲ್ಲಿ ಎಳೆಯುವುದೇ ಇಲ್ಲ."

ಮೊದಲನೇ ಗ್ಯಾರೇಜಿನಲ್ಲಿ ಪ್ಲಗ್ ಬದಲಾಯಿಸಿದರು, 900 ರೂಪಾಯಿ. ಸರಿಯಾಗಲಿಲ್ಲ. ಎರಡನೇ ಕಡೆ ಪೆಟ್ರೋಲ್ ಪಂಪು, ಇಂಜೆಕ್ಟರು ಕ್ಲೀನ್ ಮಾಡಿದರು, 3,500 ರೂಪಾಯಿ. ಆಗಲೂ ಸರಿಯಾಗಲಿಲ್ಲ. ಮೂರನೆಯವರು, "ಇಂಜಿನ್ ಬಿಚ್ಚಬೇಕು, 28 ಸಾವಿರ ಆಗಬಹುದು" ಅಂದರು. ಅಷ್ಟರಲ್ಲಿ 6 ವಾರ ಕಳೆದಿತ್ತು. ಅರ್ಧಕ್ಕರ್ಧ ಸಂತೆ ತಪ್ಪಿತ್ತು, ಸಾಲದ 2 ಕಂತು ಬಾಕಿಯಾಗಿತ್ತು. ಎಲ್ಲಕ್ಕಿಂತ ಬೇಸರದ ಸಂಗತಿ ಎಂದರೆ ಓಡಿಸುವವಳ ಮೇಲೆ ಮಾತು ಬಂತು. "ನೀನೇ ಗೇರು ಸರಿ ಹಾಕದೆ ಹಾಳು ಮಾಡಿದ್ದು" ಅಂತ ಒಬ್ಬರು ಸಭೆಯಲ್ಲೇ ಹೇಳಿಬಿಟ್ಟರು. ಅವಳು ಮುಂದಿನ ಸಭೆಗೆ ಬರಲಿಲ್ಲ. ಉಳಿತಾಯದ ಹಣ ತೆಗೆದು ಇಂಜಿನ್ ಬಿಚ್ಚಿಸುವುದು ಎಂದು ನಿರ್ಣಯ ಬರೆದು ನನ್ನ ಹತ್ತಿರ ತಂದರು.

ನಾನು ಒಂದು ವಾರ ತಡೆಯಿರಿ ಅಂದೆ. ಆ ವಾರದಲ್ಲಿ ಏನಾಯಿತು ಅಂತ ಕೊನೆಗೆ ಹೇಳುತ್ತೇನೆ. ಮೊದಲು ಇಂಜಿನ್ ಒಳಗೆ ಏನು ನಡೆಯುತ್ತದೆ ಅಂತ ನೋಡೋಣ.

ಇಂಜಿನ್ ಕೂಡ ಒಂದು ಒಲೆ

ಸೌದೆ ಒಲೆ ಚೆನ್ನಾಗಿ ಉರಿಯಬೇಕಾದರೆ ಒಣ ಸೌದೆ ಬೇಕು, ಗಾಳಿ ಬೇಕು, ಕಿಡಿ ಬೇಕು. ಪೆಟ್ರೋಲ್ ಇಂಜಿನ್‌ಗೂ ಅಷ್ಟೇ: ಪೆಟ್ರೋಲು, ಗಾಳಿ, ಪ್ಲಗ್ಗಿನ ಕಿಡಿ. ಅದರ ಜೊತೆಗೆ ನಾಲ್ಕನೆಯದೊಂದು ಬೇಕು, ಒತ್ತಡ. ಇದಕ್ಕೆ ಕಂಪ್ರೆಷನ್ ಅನ್ನುತ್ತಾರೆ. ಕುಕ್ಕರಿನ ಗ್ಯಾಸ್ಕೆಟ್ ಹೋದರೆ ಎಷ್ಟು ಉರಿ ಕೊಟ್ಟರೂ ಸೀಟಿ ಬರುವುದಿಲ್ಲ ಅಲ್ಲವೇ? ಹಾಗೆಯೇ ಸಿಲಿಂಡರಿನಿಂದ ಒತ್ತಡ ಸೋರಿದರೆ ಗಾಡಿಗೆ ಶಕ್ತಿ ಬರುವುದಿಲ್ಲ.

ಸಿಲಿಂಡರ್ ಎಂದರೆ ಇಂಜಿನ್ನಿನ ಒಳಗಿನ ಕೊಳವೆ. ಅದರಲ್ಲಿ ಪಿಸ್ಟನ್ ಮೇಲೆ ಕೆಳಗೆ ಓಡಾಡುತ್ತದೆ. ಗಾಳಿ ಮತ್ತು ಪೆಟ್ರೋಲನ್ನು ಒಳಗೆ ಎಳೆದುಕೊಳ್ಳುವುದು, ಒತ್ತುವುದು, ಕಿಡಿ ತಾಗಿ ಉರಿಯುವುದು, ಹೊಗೆಯನ್ನು ಹೊರಗೆ ಹಾಕುವುದು, ಹೀಗೆ 4 ಹೆಜ್ಜೆ. ಈ 4 ಹೆಜ್ಜೆ ಮುಗಿಯುವಷ್ಟರಲ್ಲಿ ಇಂಜಿನ್ 2 ಸುತ್ತು ತಿರುಗುತ್ತದೆ. ಗಾಡಿ ನಿಂತಿದ್ದು ಇಂಜಿನ್ ಮಾತ್ರ ಓಡುತ್ತಿರುವ ಸ್ಥಿತಿಗೆ ಐಡಲ್ ಎನ್ನುತ್ತಾರೆ. ನಮ್ಮವರು 'ಸ್ಲೋ' ಅಂತಲೂ ಹೇಳುತ್ತಾರೆ. ಆಗ ಕಾರಿನ ಇಂಜಿನ್ ನಿಮಿಷಕ್ಕೆ ಸುಮಾರು 800 ಸುತ್ತು ತಿರುಗುತ್ತದೆ ಎಂದು ಇಟ್ಟುಕೊಳ್ಳಿ. ಒಂದೊಂದು ಸಿಲಿಂಡರಿನಲ್ಲೂ ನಿಮಿಷಕ್ಕೆ 400 ಸಲ ಬೆಂಕಿ ಹತ್ತಬೇಕು. ಮೂರು ಸಿಲಿಂಡರ್ ಇದ್ದರೆ 1,200 ಸಲ. ಇವುಗಳಲ್ಲಿ ಕೆಲವು ಸಲ ಬೆಂಕಿ ಹತ್ತದೆ ಹೋದರೆ ಅದೇ ಮಿಸ್ ಹೊಡೆಯುವುದು. ಮೂವರು ಸೇರಿ ಒನಕೆಯಲ್ಲಿ ಕುಟ್ಟುವಾಗ ಒಬ್ಬಳು ತಾಳ ತಪ್ಪಿದರೆ ಹೇಗಾಗುತ್ತದೆ? ಹಾಗೆ ಇಂಜಿನ್ ಕುಲುಕಾಡುತ್ತದೆ.

ಸ್ಕೂಟರ್‌ಗಳಲ್ಲೂ ಸಾಮಾನ್ಯವಾಗಿ ಆಟೋಗಳಲ್ಲೂ ಇರುವುದು ಒಂದೇ ಸಿಲಿಂಡರ್. ಅಲ್ಲಿ ಮಿಸ್ ಹೊಡೆದರೆ ಗಾಡಿ ಜಗ್ಗುತ್ತದೆ, ಇಲ್ಲವೇ ಆಫ್ ಆಗಿಬಿಡುತ್ತದೆ. ಎರಡು, ಮೂರು, ನಾಲ್ಕು ಸಿಲಿಂಡರಿನ ಗಾಡಿಯಲ್ಲಿ ಒಂದು ಸತ್ತರೂ ಉಳಿದವು ಎಳೆಯುತ್ತವೆ. ಅದಕ್ಕೇ ನಾವು 'ಓಡ್ತದಲ್ಲ' ಅಂತ ತಿಂಗಳುಗಟ್ಟಲೆ ಓಡಿಸುತ್ತೇವೆ. ಇದು ದೊಡ್ಡ ತಪ್ಪು.

ಯಾಕೆ ತಪ್ಪು?

ಬೆಂಕಿ ಹತ್ತದ ಪೆಟ್ರೋಲ್ ಎಲ್ಲಿಗೆ ಹೋಗಬೇಕು? ನೇರ ಸೈಲೆನ್ಸರ್ ಕಡೆಗೆ ಹೋಗುತ್ತದೆ. ಅಲ್ಲಿ ಹೊಗೆಯನ್ನು ಶುದ್ಧ ಮಾಡುವ ಕ್ಯಾಟಲಿಟಿಕ್ ಕನ್ವರ್ಟರ್ ಎಂಬ ಭಾಗವಿದೆ. ಒಳಗೆ ಜೇನುಗೂಡಿನ ಹಾಗೆ ಸಣ್ಣ ಸಣ್ಣ ತೂತುಗಳು, ಅದರ ಮೇಲೆ ಪ್ಲಾಟಿನಂ, ಪಲ್ಲಾಡಿಯಂ, ರೋಡಿಯಂ ಎಂಬ ದುಬಾರಿ ಲೋಹಗಳ ಲೇಪನ. ಉರಿಯದ ಪೆಟ್ರೋಲ್ ಅಲ್ಲಿಗೆ ಹೋಗಿ ಉರಿದರೆ ಆ ಜೇನುಗೂಡು ಕರಗಿ ಕಟ್ಟಿಕೊಳ್ಳುತ್ತದೆ. ಆಮೇಲೆ ಸಣ್ಣ ರಿಪೇರಿ ಹೋಗಿ ದೊಡ್ಡ ರಿಪೇರಿ ಆಗುತ್ತದೆ. ಪೆಟ್ರೋಲೂ ದಂಡ, ಏರಿನಲ್ಲಿ ಗಾಡಿ ನಿಂತರೆ ಜೀವಕ್ಕೂ ಅಪಾಯ.

ಕಾರು, ವ್ಯಾನ್‌ಗಳ ಮೀಟರ್ ಬೋರ್ಡಿನಲ್ಲಿ ಇಂಜಿನ್ ಚಿತ್ರವಿರುವ ಹಳದಿ ದೀಪ ಇರುತ್ತದೆ. ಅದು ಒಂದೇ ಸಮನೆ ಉರಿದರೆ ಬೇಗ ತೋರಿಸಬೇಕು ಎಂದರ್ಥ. ಮಿಣುಕಿದರೆ, ಮಿಸ್ ಜೋರಾಗಿದೆ, ಕನ್ವರ್ಟರ್‌ಗೆ ಪೆಟ್ಟು ಬೀಳುತ್ತಿದೆ ಎಂದರ್ಥ. ಆಗ ವೇಗ ಇಳಿಸಿ, ಭಾರ ಎಳೆಸದೆ, ಪಕ್ಕಕ್ಕೆ ನಿಲ್ಲಿಸುವುದೇ ಒಳ್ಳೆಯದು. ಕೆಲವು ಸ್ಕೂಟರ್, ಬೈಕ್‌ಗಳಲ್ಲಿ ಮಿಣುಕುವ ರೀತಿಯಲ್ಲೇ ದೋಷದ ಸಂಖ್ಯೆ ಅಡಗಿರುತ್ತದೆ. ಗಾಡಿಯ ಕೈಪಿಡಿ ನೋಡಿ ತಿಳಿದುಕೊಳ್ಳಬೇಕು.

ಮೊದಲು ಗಮನಿಸಿ, ಬರೆದಿಡಿ

ರೋಗಿ ಸರಿಯಾಗಿ ಹೇಳಿದರೆ ಡಾಕ್ಟರಿಗೆ ಅರ್ಧ ಕೆಲಸ ಕಡಿಮೆ. ಗಾಡಿಗೆ ಬಾಯಿಲ್ಲ, ಓಡಿಸುವವರೇ ಅದರ ಬಾಯಿ. ಯಾವಾಗ ಮಿಸ್ ಹೊಡೆಯುತ್ತದೆ ಎಂದು ಒಂದು ವಾರ ನೋಟ್ ಪುಸ್ತಕದಲ್ಲಿ ಬರೆಯಿರಿ.

ನಿಂತಾಗ ನಡುಗುತ್ತದೆ, ವೇಗ ಹೆಚ್ಚಿಸಿದರೆ ಸರಿಯಾಗುತ್ತದೆ ಎಂದಾದರೆ, ಎಲ್ಲೋ ಗಾಳಿ ಸೋರಿ ಒಳಗೆ ಹೋಗುತ್ತಿರಬಹುದು. ಹಳೆ ಕಾರ್ಬೊರೇಟರ್ ಗಾಡಿಯಲ್ಲಾದರೆ ಸ್ಲೋ ಜೆಟ್ ಎಂಬ ಸಣ್ಣ ತೂತು ಕಟ್ಟಿರಬಹುದು. ಹೊಸ ಇಂಜೆಕ್ಷನ್ ಗಾಡಿಯಲ್ಲಿ ಗಾಳಿ ಹೋಗುವ ಥ್ರಾಟಲ್ ಬಾಡಿಯಲ್ಲಿ ಮಸಿ ಕೂತಿರಬಹುದು.

ನಿಂತಾಗ ಪರವಾಗಿಲ್ಲ, ಏರಿನಲ್ಲಿ ಅಥವಾ ಭಾರ ಹಾಕಿದಾಗ ಜಗ್ಗುತ್ತದೆ ಎಂದಾದರೆ, ಕಿಡಿ ದುರ್ಬಲವಾಗಿದೆ ಇಲ್ಲವೇ ಪೆಟ್ರೋಲ್ ಸಾಕಷ್ಟು ಬರುತ್ತಿಲ್ಲ. ಪ್ಲಗ್, ಕಾಯಿಲ್, ಪೆಟ್ರೋಲ್ ಫಿಲ್ಟರ್ ನೋಡಬೇಕು.

ಮಳೆಯಲ್ಲಿ, ಇಬ್ಬನಿಯಲ್ಲಿ, ಗಾಡಿ ತೊಳೆದ ಮೇಲೆ ಹೆಚ್ಚಾಗುತ್ತದೆ ಎಂದಾದರೆ, ಕಿಡಿಯ ದಾರಿಯಲ್ಲಿ ತೇವ ಸೇರುತ್ತಿದೆ. ಪ್ಲಗ್ ಕ್ಯಾಪು, ಪ್ಲಗ್ ವಯರು, ಕಾಯಿಲ್‌ನ ರಬ್ಬರು ಸೀಳಿರಬಹುದು. ಕಿಡಿ ಪ್ಲಗ್ಗಿಗೆ ಹೋಗುವ ಬದಲು ಆ ಸೀಳಿನಿಂದ ಹೊರಗೆ ಹಾರುತ್ತದೆ.

ಪೆಟ್ರೋಲ್ ಹಾಕಿಸಿದ ಮೇಲೆ ಶುರುವಾಯಿತು ಎಂದಾದರೆ, ಟ್ಯಾಂಕಿಗೆ ನೀರು ಸೇರಿದೆಯೇ ನೋಡಬೇಕು. 2025ರಿಂದ ಬಂಕುಗಳಲ್ಲಿ ಸಿಗುವ ಸಾಮಾನ್ಯ ಪೆಟ್ರೋಲಿನಲ್ಲಿ ನೂರಕ್ಕೆ 20ರಷ್ಟು ಎಥನಾಲ್ ಇರುತ್ತದೆ. ಎಥನಾಲ್ ನೀರನ್ನು ಎಳೆದುಕೊಳ್ಳುತ್ತದೆ. ನೀರು ಜಾಸ್ತಿಯಾದರೆ ನೀರೂ ಎಥನಾಲೂ ಒಟ್ಟಾಗಿ ಟ್ಯಾಂಕಿನ ತಳಕ್ಕೆ ಇಳಿಯುತ್ತವೆ. ಇಂಜಿನ್‌ಗೆ ಹೋಗುವುದೂ ತಳದಿಂದಲೇ. ಆದ್ದರಿಂದ ಮಳೆಗಾಲದಲ್ಲಿ ಟ್ಯಾಂಕಿನ ಮುಚ್ಚಳದ ರಬ್ಬರ್ ಸರಿಯಾಗಿರಲಿ. ತಿಂಗಳುಗಟ್ಟಲೆ ಓಡಿಸದೆ ಅರ್ಧ ಟ್ಯಾಂಕಿನಲ್ಲಿ ಇಡುವುದು ಬೇಡ.

ಬೆಳಿಗ್ಗೆ ಸ್ಟಾರ್ಟ್ ಮಾಡಿದಾಗ ಮಾತ್ರ ಕುಲುಕಾಟ, ಬಿಳಿ ಹೊಗೆ ತುಂಬಾ ಹೊತ್ತು, ರೇಡಿಯೇಟರಿನ ನೀರೂ ಕಡಿಮೆಯಾಗುತ್ತಾ ಬರುತ್ತಿದೆ ಎಂದಾದರೆ ತಡ ಮಾಡಬೇಡಿ. ಹೆಡ್ ಗ್ಯಾಸ್ಕೆಟ್ ಸೋರಿ ನೀರು ಸಿಲಿಂಡರಿಗೆ ಇಳಿಯುತ್ತಿರಬಹುದು. ಇದು ನಿಜವಾಗಿಯೂ ದೊಡ್ಡ ಕೆಲಸ.

ಕಡಿಮೆ ಖರ್ಚಿನಿಂದ ಶುರು ಮಾಡಿ

ಪರೀಕ್ಷೆ ಮಾಡುವಾಗ ಒಂದು ಕ್ರಮ ಬೇಕು. ಹಣ ಖರ್ಚಾಗದ್ದನ್ನು ಮೊದಲು ನೋಡಿ, ಖರ್ಚಿನದ್ದನ್ನು ಕೊನೆಗೆ ನೋಡಿ.

ಅದಕ್ಕೂ ಮೊದಲು ನಾಲ್ಕು ಎಚ್ಚರಿಕೆಗಳು. ಬಯಲಿನಲ್ಲೇ ನೋಡಿ, ಬಾಗಿಲು ಮುಚ್ಚಿದ ಶೆಡ್ಡಿನಲ್ಲಿ ಇಂಜಿನ್ ಓಡಿಸಿದರೆ ವಿಷದ ಹೊಗೆ ತುಂಬಿ ಪ್ರಾಣ ಹೋಗಬಹುದು. ಇಂಜಿನ್ ಓಡುವಾಗ ಪ್ಲಗ್ ವಯರು, ಕಾಯಿಲ್ ಮುಟ್ಟಬೇಡಿ. ಅದರಲ್ಲಿ ಸಾವಿರಾರು ವೋಲ್ಟ್ ಇರುತ್ತದೆ. ಸೆರಗು, ದುಪಟ್ಟಾ, ಜಡೆ ಬೆಲ್ಟಿನ ಹತ್ತಿರ ಬಾರದಂತೆ ಕಟ್ಟಿಕೊಳ್ಳಿ. ಪೆಟ್ರೋಲ್ ವಾಸನೆ ಇರುವಲ್ಲಿ ಬೆಂಕಿ ಬೇಡವೇ ಬೇಡ.

1. ಕಾಗದದ ಪರೀಕ್ಷೆ. ಸೈಲೆನ್ಸರ್ ಬಾಯಿಯಿಂದ ಒಂದು ಗೇಣು ದೂರದಲ್ಲಿ ತೆಳು ಕಾಗದ ಹಿಡಿಯಿರಿ. ಕೈ ಸುಡದಂತೆ ಪಕ್ಕದಲ್ಲಿ ನಿಲ್ಲಿ. ಕಾಗದ ಒಂದೇ ತಾಳದಲ್ಲಿ ಅಲುಗಾಡಿದರೆ ಬೆಂಕಿ ಸರಿಯಾಗಿ ಹತ್ತುತ್ತಿದೆ. ಆದರೂ ಗಾಡಿ ನಡುಗುತ್ತಿದ್ದರೆ ಇಂಜಿನ್ ಕೂತಿರುವ ರಬ್ಬರ್ ಮೌಂಟಿಂಗ್ ಹರಿದಿರಬಹುದು. ಕಾಗದ ನಡುನಡುವೆ ತಾಳ ತಪ್ಪಿದರೆ ಮಿಸ್ ಇದೆ. ನಡುವೆ ಒಳಗೆ ಎಳೆದ ಹಾಗೆ ಆದರೆ ವಾಲ್ವಿನ ಮೇಲೆ ಅನುಮಾನ ಪಡಬೇಕು.

2. ಗಾಳಿಯ ಪೈಪುಗಳು. ಬಾನೆಟ್ ಎತ್ತಿ ಸಣ್ಣ ರಬ್ಬರ್ ಪೈಪುಗಳನ್ನು ನೋಡಿ. ಬಿಸಿಲಿಗೆ, ಬಿಸಿಗೆ ಸೀಳಿರುತ್ತವೆ. ಹಳ್ಳಿಯಲ್ಲಿ ಇಲಿ ಕಡಿದಿರುವುದೂ ಉಂಟು. ಬ್ರೇಕಿಗೆ ಹೋಗುವ ದಪ್ಪ ಪೈಪು ಸೋರಿದರೆ 'ಸುಸ್' ಅಂತ ಸದ್ದು ಬರುತ್ತದೆ, ಬ್ರೇಕ್ ಪೆಡಲೂ ಗಟ್ಟಿಯಾಗುತ್ತದೆ. ಹಾಗಾದರೆ ಗಾಡಿ ಓಡಿಸಲೇಬೇಡಿ. ಅನುಮಾನ ಇರುವ ಜಾಗಕ್ಕೆ ಸ್ವಲ್ಪ ಸಾಬೂನು ನೀರು ಹಚ್ಚಿ. ವಯರಿನ ಮೇಲೆ ಬೀಳಬಾರದು. ಸೀಳು ನೀರನ್ನು ಒಳಗೆ ಎಳೆದುಕೊಂಡು ಇಂಜಿನ್ ಸದ್ದು ಬದಲಾದರೆ ಸೋರಿಕೆ ಅಲ್ಲೇ.

3. ಏರ್ ಫಿಲ್ಟರ್. ಧೂಳು ತುಂಬಿದರೆ ಒಲೆಗೆ ಗಾಳಿ ಸಾಲದ ಹಾಗೆ. ಬಿಚ್ಚಿ ಬೆಳಕಿಗೆ ಹಿಡಿದು ನೋಡಿ. ಮಳೆಗೆ ಒದ್ದೆಯಾಗಿದ್ದರೂ ತೊಂದರೆಯೇ.

4. ಪ್ಲಗ್. ಇಂಜಿನ್ ಪೂರ್ತಿ ತಣ್ಣಗಾದ ಮೇಲೆ ಬಿಚ್ಚಿಸಿ, ನಿಮ್ಮ ಕಣ್ಣೆದುರೇ ನೋಡಿ. ತುದಿ ತಿಳಿ ಕಂದು ಅಥವಾ ಬೂದಿ ಬಣ್ಣವಿದ್ದರೆ ಆರೋಗ್ಯ. ಒಣ ಕಪ್ಪು ಮಸಿ ಇದ್ದರೆ ಪೆಟ್ರೋಲ್ ಜಾಸ್ತಿ ಅಥವಾ ಗಾಳಿ ಕಡಿಮೆ. ಪೆಟ್ರೋಲಿನಿಂದ ಒದ್ದೆಯಾಗಿದ್ದರೆ ಕಿಡಿ ಬರುತ್ತಿಲ್ಲ. ಆಯಿಲ್ ಜಿಡ್ಡಿದ್ದರೆ ಪಿಸ್ಟನ್ ರಿಂಗು ಅಥವಾ ವಾಲ್ವ್ ಸೀಲು ಸವೆದಿದೆ. ಬಿಳಿಚಿಕೊಂಡು ಸುಟ್ಟಂತಿದ್ದರೆ ಇಂಜಿನ್ ಅತಿ ಬಿಸಿಯಾಗುತ್ತಿದೆ ಅಥವಾ ಪೆಟ್ರೋಲ್ ಕಡಿಮೆ. ಪ್ಲಗ್ಗಿನ ತುದಿಯ ಅಂತರ, ಎಷ್ಟು ಕಿಲೋಮೀಟರಿಗೆ ಬದಲಾಯಿಸಬೇಕು ಎಂಬುದು ಕೈಪಿಡಿಯಲ್ಲಿದೆ. ಅದೇ ನಂಬರಿನ ಪ್ಲಗ್ ಹಾಕಿಸಿ. ಕೆಲವು ಆಟೋ, ಬೈಕ್‌ಗಳಲ್ಲಿ ಒಂದೇ ಸಿಲಿಂಡರಿಗೆ ಎರಡು ಪ್ಲಗ್ ಇರುತ್ತದೆ. ಒಂದು ಸತ್ತರೂ ಗಾಡಿ ಓಡುತ್ತದೆ, ಶಕ್ತಿ ಮಾತ್ರ ಕುಂದುತ್ತದೆ. ಎರಡನ್ನೂ ನೋಡಿಸಿ.

5. ಸ್ಕ್ಯಾನರ್. ಇಂಜೆಕ್ಷನ್ ಗಾಡಿಗಳ ಕಂಪ್ಯೂಟರು ದೋಷವನ್ನು ಸಂಖ್ಯೆಯಾಗಿ ಬರೆದಿಟ್ಟುಕೊಳ್ಳುತ್ತದೆ. ಪಿ 0300 ಎಂದು ಬಂದರೆ ಒಂದಕ್ಕಿಂತ ಹೆಚ್ಚು ಸಿಲಿಂಡರ್ ಅಲ್ಲಲ್ಲಿ ತಪ್ಪುತ್ತಿವೆ. ಪಿ 0301 ಎಂದರೆ ಒಂದನೇ ಸಿಲಿಂಡರ್, ಪಿ 0302 ಎಂದರೆ ಎರಡನೆಯದು, ಪಿ 0303 ಎಂದರೆ ಮೂರನೆಯದು. ಎಲ್ಲವೂ ತಪ್ಪುತ್ತಿದ್ದರೆ ಪೆಟ್ರೋಲು, ಗಾಳಿ ಹೀಗೆ ಎಲ್ಲಕ್ಕೂ ಸೇರಿದ ಕಾರಣ ಹುಡುಕಬೇಕು. ಒಂದೇ ತಪ್ಪುತ್ತಿದ್ದರೆ ಆ ಸಿಲಿಂಡರಿನ ಪ್ಲಗ್, ಕಾಯಿಲ್, ಇಂಜೆಕ್ಟರ್, ಒತ್ತಡ ನೋಡಬೇಕು. ಒಂದು ಮಾತು ನೆನಪಿಡಿ. ಸ್ಕ್ಯಾನರ್ ಯಾವ ಸಿಲಿಂಡರ್ ಅಂತ ಹೇಳುತ್ತದೆ, ಯಾವ ಪಾರ್ಟು ಅಂತ ಹೇಳುವುದಿಲ್ಲ. ಅದಕ್ಕೆ ಮುಂದಿನ ಪರೀಕ್ಷೆ.

6. ಅದಲುಬದಲು. ಹೊಸ ಪಾರ್ಟ್ ತರುವ ಮೊದಲು ಇರುವುದನ್ನೇ ಅತ್ತಿತ್ತ ಮಾಡುವುದು. ಎರಡನೇ ಸಿಲಿಂಡರ್ ಸತ್ತಿದ್ದರೆ ಇಂಜಿನ್ ಆಫ್ ಮಾಡಿ ಅದರ ಕಾಯಿಲನ್ನು ಮೂರನೆಯದಕ್ಕೆ, ಮೂರನೆಯದ್ದನ್ನು ಎರಡಕ್ಕೆ ಹಾಕುವುದು. ಹಳೆ ಕೋಡ್ ಅಳಿಸಿ ಮತ್ತೆ ಓಡಿಸುವುದು. ದೋಷವೂ ಮೂರಕ್ಕೆ ಹೋದರೆ ಕಾಯಿಲೇ ಕಳ್ಳ. ದೋಷ ಎರಡರಲ್ಲೇ ಉಳಿದರೆ ಕಾಯಿಲ್ ನಿರಪರಾಧಿ. ಆಗ ಪ್ಲಗ್ ಹೀಗೆ ಮಾಡಿ, ಆಮೇಲೆ ಇಂಜೆಕ್ಟರ್. ಒಂದು ಸಲಕ್ಕೆ ಒಂದೇ ಬದಲಾವಣೆ. ಎರಡು ಒಟ್ಟಿಗೆ ಬದಲಾಯಿಸಿದರೆ ಯಾವುದರಿಂದ ಸರಿಯಾಯಿತು ಎಂದು ಗೊತ್ತಾಗುವುದಿಲ್ಲ. ಸ್ಕೂಟರಿಗಾದರೆ, ಅದೇ ನಂಬರಿನ, ಚೆನ್ನಾಗಿದೆ ಎಂದು ಗೊತ್ತಿರುವ ಪ್ಲಗ್ ಹಾಕಿ ನೋಡುವುದು.

7. ಒತ್ತಡದ ಪರೀಕ್ಷೆ. ಮೇಲಿನ ಯಾವುದರಲ್ಲೂ ಸಿಗದಿದ್ದರೆ ಮಾತ್ರ ಕಂಪ್ರೆಷನ್ ಗೇಜ್ ಹಾಕಿಸಿ. ಎಲ್ಲ ಸಿಲಿಂಡರಿನ ಅಂಕಿ ಬರೆದುಕೊಳ್ಳಿ. ಒಂದರಲ್ಲಿ ತುಂಬಾ ಕಡಿಮೆ ಬಂದರೆ ಅದಕ್ಕೆ ಒಂದು ಚಮಚ ಇಂಜಿನ್ ಆಯಿಲ್ ಹಾಕಿ ಮತ್ತೆ ಅಳೆಯುತ್ತಾರೆ. ಅಂಕಿ ಏರಿದರೆ ರಿಂಗು ಸವೆದಿದೆ. ಏರದಿದ್ದರೆ ವಾಲ್ವು ಅಥವಾ ಹೆಡ್ ಗ್ಯಾಸ್ಕೆಟ್. ಇಂಜಿನ್ ಬಿಚ್ಚುವ ಮಾತು ಬರಬೇಕಾದದ್ದು ಈ ಅಂಕಿ ನೋಡಿದ ಮೇಲೆ, ಅದಕ್ಕೂ ಮೊದಲು ಅಲ್ಲ.

ಗ್ಯಾಸ್ ಆಟೋ, ಡೀಸೆಲ್ ಗಾಡಿ ಇರುವವರಿಗೆ

ಎಲ್‌ಪಿಜಿ, ಸಿಎನ್‌ಜಿ ಒಣ ಇಂಧನ. ಇದರಲ್ಲಿ ವಾಲ್ವು ಕೂರುವ ಜಾಗ ಬೇಗ ಸವೆಯುತ್ತದೆ, ವಾಲ್ವಿನ ಸಂದು ಅಂದರೆ ಟ್ಯಾಪೆಟ್ ಬಿಗಿಯಾಗುತ್ತಾ ಬರುತ್ತದೆ. ಬಿಗಿಯಾದರೆ ವಾಲ್ವು ಪೂರ್ತಿ ಮುಚ್ಚುವುದಿಲ್ಲ, ಒತ್ತಡ ಸೋರುತ್ತದೆ, ಕೊನೆಗೆ ವಾಲ್ವೇ ಸುಡುತ್ತದೆ. ನಮ್ಮ ಇನ್ನೊಬ್ಬ ಸದಸ್ಯೆಯ ಆಟೋಗೆ ಹಾಗೇ ಆಯಿತು. ಟ್ಯಾಪೆಟ್ ನೋಡಿಸಿ ಅಂತ ಮೆಕ್ಯಾನಿಕ್ ಎರಡು ಸಲ ಹೇಳಿದ್ದರಂತೆ. "ಈಗ ಓಡ್ತಾ ಉಂಟಲ್ಲ" ಅಂತ ಬಿಟ್ಟರು. ಕೊನೆಗೆ ಇಂಜಿನ್ ಬಿಚ್ಚಲೇಬೇಕಾಯಿತು. ಆದ್ದರಿಂದ ಮೆಕ್ಯಾನಿಕ್ ಹೇಳುವುದೆಲ್ಲ ಸುಳ್ಳು ಅಂತ ನಾನು ಹೇಳುತ್ತಿಲ್ಲ. ಪರೀಕ್ಷೆ ಮಾಡಿ ಹೇಳಿದರೆ ನಂಬಿ, ಊಹೆ ಮಾಡಿ ಹೇಳಿದರೆ ಕೇಳಿ ಅಂತ ಹೇಳುತ್ತಿದ್ದೇನೆ.

ಡೀಸೆಲ್ ಇಂಜಿನ್ನಿಗೆ ಕಿಡಿ ಕೊಡುವ ಪ್ಲಗ್ ಇಲ್ಲ. ಒತ್ತಡದ ಬಿಸಿಗೇ ಡೀಸೆಲ್ ಹತ್ತಿಕೊಳ್ಳುತ್ತದೆ. ಅಲ್ಲಿ ಮಿಸ್ ಬಂದರೆ ಫಿಲ್ಟರಿನಲ್ಲಿ ನೀರು, ಪೈಪಿನಲ್ಲಿ ಗಾಳಿ, ಇಂಜೆಕ್ಟರಿನ ದೋಷ ಈ ಕ್ರಮದಲ್ಲಿ ನೋಡಿಸಿ. 2005ರಲ್ಲಿ ಬಂದ ಟಾಟಾ ಏಸ್‌ನಂಥ ಎರಡು ಸಿಲಿಂಡರಿನ ಡೀಸೆಲ್ ಗಾಡಿ ಹುಟ್ಟಿನಿಂದಲೇ ಸ್ವಲ್ಪ ನಡುಗುತ್ತದೆ. ಅದು ಕಾಯಿಲೆಯಲ್ಲ. ಮೊದಲು ಇಲ್ಲದ ನಡುಕ ಹೊಸದಾಗಿ ಬಂದರೆ ಕಾಯಿಲೆ.

ರೇಸ್ ಏರಿಸುವುದು ಚಿಕಿತ್ಸೆಯಲ್ಲ

ನನ್ನ ತಪ್ಪನ್ನೂ ಹೇಳಿಬಿಡುತ್ತೇನೆ. ಸಂಘಗಳಿಗೆ ಹೋಗಲು ನನ್ನ ಹತ್ತಿರ ಒಂದು ಹಳೆ ಕಾರ್ಬೊರೇಟರ್ ಸ್ಕೂಟರ್ ಇತ್ತು. ಸಿಗ್ನಲ್ಲಿನಲ್ಲಿ, ತಿರುವಿನಲ್ಲಿ ಆಫ್ ಆಗುತ್ತಿತ್ತು. ಮೆಕ್ಯಾನಿಕ್ ಒಂದು ಸ್ಕ್ರೂ ತಿರುಗಿಸಿ ರೇಸ್ ಏರಿಸಿಕೊಟ್ಟರು. ಎರಡೇ ನಿಮಿಷ, ಹಣವನ್ನೂ ತೆಗೆದುಕೊಳ್ಳಲಿಲ್ಲ. ಎಷ್ಟು ಒಳ್ಳೆಯವರು ಅಂದುಕೊಂಡೆ. ಎರಡು ತಿಂಗಳ ನಂತರ ಸಂಜೆ ಹೊತ್ತು, ಮಳೆಯಲ್ಲಿ, ಏರಿನ ಮಧ್ಯೆ ಸ್ಕೂಟರ್ ನಿಂತುಬಿಟ್ಟಿತು. ಹಿಂದೆ ಒಬ್ಬ ಕಾರ್ಯಕರ್ತೆ ಕೂತಿದ್ದಳು. ಇಬ್ಬರೂ ಕತ್ತಲಲ್ಲಿ ಮೂರು ಕಿಲೋಮೀಟರ್ ತಳ್ಳಿಕೊಂಡು ಹೋದೆವು. ಮರುದಿನ ನೋಡಿದರೆ ಏರ್ ಫಿಲ್ಟರ್ ಕೆಸರಿನ ಹಾಗಿತ್ತು, ಪ್ಲಗ್ ಮಸಿಗಟ್ಟಿತ್ತು. ಎಷ್ಟು ವರ್ಷದಿಂದ ಬದಲಾಯಿಸಿರಲಿಲ್ಲವೋ ಏನೋ.

ರೇಸ್ ಏರಿಸುವುದು ಎಂದರೆ ಜ್ವರದ ಕಾರಣ ನೋಡದೆ ಜ್ವರದ ಮಾತ್ರೆ ನುಂಗಿದ ಹಾಗೆ. ನಡುಕ ಕಾಣದೆ ಹೋಗುತ್ತದೆ, ಕಾರಣ ಒಳಗೇ ಬೆಳೆಯುತ್ತದೆ, ಪೆಟ್ರೋಲೂ ಹೆಚ್ಚು ಕುಡಿಯುತ್ತದೆ. 2020ರ ಏಪ್ರಿಲ್ 1ರಿಂದ ಬಿಎಸ್ 6 ನಿಯಮ ಬಂದ ಮೇಲೆ ಹೊಸ ಪೆಟ್ರೋಲ್ ಸ್ಕೂಟರ್‌ಗಳು ಹೆಚ್ಚುಕಡಿಮೆ ಎಲ್ಲವೂ ಇಂಜೆಕ್ಷನ್ನಿನವು. ಅವುಗಳಲ್ಲಿ ಸ್ಲೋ ನೋಡಿಕೊಳ್ಳುವುದು ಕಂಪ್ಯೂಟರೇ. ಅಲ್ಲಿ ಸ್ಕ್ರೂ ತಿರುಗಿಸಲು ಬಿಡಬೇಡಿ.

ಗ್ಯಾರೇಜಿನಲ್ಲಿ ಕೇಳಬೇಕಾದ ಐದು ಮಾತು

ಜಗಳ ಬೇಡ, ಹೆದರಿಕೆಯೂ ಬೇಡ. ಸಮಾಧಾನವಾಗಿ ಕೇಳಿ.

ಯಾವ ಸಿಲಿಂಡರ್ ಮಿಸ್ ಹೊಡೆಯುತ್ತಿದೆ?
ಯಾವ ಪರೀಕ್ಷೆ ಮಾಡಿ ಅದು ಗೊತ್ತಾಯಿತು?
ಅದಲುಬದಲು ಮಾಡಿ ನೋಡಿದಿರಾ?
ಕಂಪ್ರೆಷನ್ ಅಂಕಿ ಎಷ್ಟು ಬಂತು?
ತೆಗೆದ ಹಳೆ ಪಾರ್ಟನ್ನು ಕೊಡುತ್ತೀರಾ?

ಒಳ್ಳೆಯ ಮೆಕ್ಯಾನಿಕ್‌ಗೆ ಈ ಪ್ರಶ್ನೆಗಳಿಂದ ಸಿಟ್ಟು ಬರುವುದಿಲ್ಲ. ಬದಲಾಗಿ ಅವರೇ ಕರೆದು ತೋರಿಸುತ್ತಾರೆ.

ಆ ವ್ಯಾನಿನ ಕಥೆ

ಆ ಒಂದು ವಾರ ನಾನು ಓಡಿಸುವವಳ ಮನೆಗೆ ಹೋಗಿ ಒಂದು ನೋಟ್ ಪುಸ್ತಕ ಕೊಟ್ಟೆ. ಗಾಡಿ ಯಾವಾಗ ಏನು ಮಾಡುತ್ತದೆ ಬರೆ ಅಂದೆ. ಏಳನೇ ತರಗತಿ ಓದಿದವಳು. ನಾಲ್ಕೇ ಸಾಲು ಬರೆದಿದ್ದಳು. ಮಳೆ ಬಂದ ಬೆಳಿಗ್ಗೆ ಜಾಸ್ತಿ. ಬಿಸಿಲಿದ್ದ ದಿನ ಕಡಿಮೆ. ಏರಿನಲ್ಲಿ ಜಗ್ಗುತ್ತದೆ. ಜಗ್ಗುವಾಗ ಹಳದಿ ದೀಪ ಮಿಣುಕುತ್ತದೆ.

"ದೀಪ ಮಿಣುಕುವುದು ಮೊದಲೇ ಗೊತ್ತಿತ್ತಾ?" ಅಂದೆ. "ಮೊದಲಿನಿಂದ ಉಂಟು ಸಿಸ್ಟರ್. ಯಾರೂ ನನ್ನ ಹತ್ತಿರ ಕೇಳಲಿಲ್ಲ" ಅಂದಳು.

ಆ ಪುಸ್ತಕ ಹಿಡಿದುಕೊಂಡು ಪಟ್ಟಣದ ಒಬ್ಬ ಹಿರಿಯ ಮೆಕ್ಯಾನಿಕ್ ಹತ್ತಿರ ಹೋದೆವು. ಅವರು ನಾಲ್ಕು ಸಾಲನ್ನು ಎರಡು ಸಲ ಓದಿದರು. ಮಗನನ್ನು ಕರೆದು ಸ್ಕ್ಯಾನರ್ ಹಾಕಿಸಿದರು. ಪಿ 0302 ಬಂತು. ಎರಡನೇ ಕಾಯಿಲನ್ನು ಮೂರನೆಯದಕ್ಕೆ ಹಾಕಿ ಓಡಿಸಿದರು. ಪಿ 0303 ಬಂತು. ಕಾಯಿಲ್ ಕೈಗೆ ತೆಗೆದು ತೋರಿಸಿದರು: ಕೆಳಗಿನ ರಬ್ಬರಿನಲ್ಲಿ ಕೂದಲೆಳೆಯಷ್ಟು ಸೀಳು, ಸುತ್ತ ಕಪ್ಪು ಗೆರೆ. ಅಲ್ಲಿಂದಲೇ ಕಿಡಿ ಹೊರಗೆ ಹಾರುತ್ತಿತ್ತು. ಹೊಸ ಕಾಯಿಲ್ಲು, ಕೂಲಿ ಎಲ್ಲ ಸೇರಿ 2,500 ರೂಪಾಯಿ ಆಯಿತು. ಅದೃಷ್ಟಕ್ಕೆ ಕನ್ವರ್ಟರ್‌ನ ದೋಷ ಯಾವುದೂ ಸ್ಕ್ಯಾನರಿನಲ್ಲಿ ಕಾಣಲಿಲ್ಲ. ಇನ್ನೂ ಒಂದು ತಿಂಗಳು ಹಾಗೇ ಓಡಿಸಿದ್ದರೆ ಹೇಳಲಾಗುತ್ತಿರಲಿಲ್ಲ.

ಬಿಚ್ಚುವ ಅಗತ್ಯವೇ ಇಲ್ಲದ ಇಂಜಿನ್ನಿಗೆ 28 ಸಾವಿರ ಹೋಗುವುದರಲ್ಲಿತ್ತು. ಅದು 12 ಮನೆಗಳ ಉಳಿತಾಯ. ಬಾಕಿ ಇದ್ದ 2 ಕಂತನ್ನು ಮುಂದಿನ ತಿಂಗಳುಗಳಲ್ಲಿ ಸ್ವಲ್ಪ ಸ್ವಲ್ಪವಾಗಿ ತೀರಿಸಿದರು. ಆದರೆ ನನಗೆ ಹೆಚ್ಚು ನೆನಪಿರುವುದು ಮುಂದಿನ ಸಭೆ. ಅಧ್ಯಕ್ಷೆ ಆ ಸೀಳಿದ ಕಾಯಿಲನ್ನು ಎಲ್ಲರ ಮಧ್ಯೆ ಚಾಪೆಯ ಮೇಲೆ ಇಟ್ಟರು. ಅದು ಕೈಯಿಂದ ಕೈಗೆ ಹೋಯಿತು. ಅಂದು ಮಾತು ಹೇಳಿದ್ದ ಸಹೋದರಿ ಅದನ್ನು ತಿರುಗಿಸಿ ನೋಡಿ, ಓಡಿಸುವವಳ ಕಡೆ ತಿರುಗಿ, "ನಾನು ಹಾಗೆ ಹೇಳಬಾರದಿತ್ತು ಮಾರಾಯ್ತಿ" ಅಂದರು. ಅವಳು ಏನೂ ಹೇಳಲಿಲ್ಲ. ಆದರೆ ಅವತ್ತಿನಿಂದ ಸಭೆಗೆ ಬರುತ್ತಿದ್ದಾಳೆ, ಪುಸ್ತಕವನ್ನೂ ತರುತ್ತಾಳೆ.

ನಿಮ್ಮ ಸಂಘದಲ್ಲಿ ಸಾಲದ ಗಾಡಿ ಇದ್ದರೆ ಮುಂದಿನ ಸಭೆಯಲ್ಲಿ ಮೂರು ಕೆಲಸ ಮಾಡಿ. ಗಾಡಿಗೊಂದು ನೋಟ್ ಪುಸ್ತಕ ಇಡಿ. ಪ್ಲಗ್, ಏರ್ ಫಿಲ್ಟರ್, ಆಯಿಲ್, ಟ್ಯಾಪೆಟ್ ಯಾವ ದಿನ, ಎಷ್ಟು ಕಿಲೋಮೀಟರಿಗೆ ನೋಡಿಸಿದ್ದು ಎಂದು ಅದರಲ್ಲಿ ಬರೆಯಿರಿ. ದೊಡ್ಡ ಮೊತ್ತದ ರಿಪೇರಿಗೆ ಒಪ್ಪುವ ಮೊದಲು ಪರೀಕ್ಷೆಯ ಫಲಿತಾಂಶ ಕೇಳಬೇಕೆಂದು ನಿರ್ಣಯ ಮಾಡಿ. ಮತ್ತೆ, ಗಾಡಿ ಓಡಿಸುವವರಿಗೆ ಬೈಯುವ ಮೊದಲು ಅವರು ಏನು ಕಂಡರು ಅಂತ ಕೇಳಿ.